ಮೇಜಿನಾಚೆಯ ಊರು

ದೊಡ್ಡದನ್ನು ಚಿಕ್ಕದಾಗಿ ಮಾಡಿ ಕಣ್ಣೆದುರಿಗೆ ಇಟ್ಟುಕೊಳ್ಳಬೇಕೆಂಬ ಆಸೆ ಮನುಷ್ಯನಲ್ಲಿ ಬಹು ಹಿಂದಿನದು. ಹೊಯ್ಸಳರ ಶಿಲ್ಪಿ ದೇವಾಲಯವನ್ನು ಕಟ್ಟಿ ಸುಮ್ಮನಾಗಲಿಲ್ಲ. ಅದರ ಹೊರಗೋಡೆಯ ಮೇಲೆ ಅಂಥವೇ ಶಿಖರಗಳನ್ನು ಮೊಳದುದ್ದಕ್ಕೆ ಇಳಿಸಿ ಮತ್ತೆ ಕಡೆದ. ನಮ್ಮ ಮನೆಗಳಲ್ಲಿ ನವರಾತ್ರಿಯ ಬೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳಿಗೆ ಸಲ್ಲುತ್ತದೆ, ನಿಜ. ಆದರೆ ಮಕ್ಕಳ ಮನಸ್ಸೆಲ್ಲ ಇರುವುದು ಕೆಳಗೆ, ನೆಲದ ಮೇಲೆ. ಅಲ್ಲಿ ಮಣ್ಣು ಹರಡಿ ರಾಗಿಯ ಪೈರು ಬರಿಸುತ್ತಾರೆ; ಕನ್ನಡಿಯ ಚೂರು ಕೆರೆಯಾಗುತ್ತದೆ; ಕೆರೆಯ ದಂಡೆಯ ಮೇಲೆ ತಗಡಿನ ರೈಲು ಓಡುತ್ತದೆ. ಆ ರೈಲಿಗಿಂತ ಪಕ್ಕದಲ್ಲಿ ಮೇಯುವ ಹಸುವೇ ದೊಡ್ಡದಾಗಿರುತ್ತದೆ. ಅದನ್ನು ಯಾರೂ ಕುಂದೆಂದು ಎಣಿಸುವುದಿಲ್ಲ.

ಪಶ್ಚಿಮ ದೇಶಗಳ ಮಾದರಿಕಾರ ಸಹಿಸದಿರುವುದು ಇದೊಂದನ್ನೇ. ಅವನ ಕಿರುಲೋಕದಲ್ಲಿ ಹಸುವಿಗೂ ರೈಲಿಗೂ ಹುಲ್ಲಿನ ಎಸಳಿಗೂ ಒಂದೇ ಅಳತೆಗೋಲು. ಆ ಅಳತೆಗೋಲಿನ ನಿಷ್ಠೆಯೇ ಅವನ ವ್ರತ. ಇಂಥ ಕಟ್ಟುನಿಟ್ಟಿನ ಮಾದರಿಗಳನ್ನು ಮೊದಮೊದಲು ಬಯಸಿದವರಲ್ಲಿ ರಾಜರೂ ದಂಡನಾಯಕರೂ ಇದ್ದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಯುದ್ಧಮಂತ್ರಿ ಲೂವ್ವಾ ೧೬೬೮ರಲ್ಲಿ ಗಡಿಯ ಕೋಟೆಪಟ್ಟಣಗಳ ಮಾದರಿಗಳನ್ನು ಮಾಡಿಸತೊಡಗಿದ. ೬೦೦ ಅಡಿಯ ನೆಲ ಒಂದು ಅಡಿಯಲ್ಲಿ ಅಡಕವಾಗಿತ್ತು. ಮನೆಯ ಮಾಡು, ಬೀದಿ, ಕಂದಕ ಎಲ್ಲವೂ ಇದ್ದ ಆ ಮಾದರಿಗಳನ್ನು ಕಂಡವರೆಲ್ಲ ನೋಡುವಂತಿರಲಿಲ್ಲ. ಅವು ರಾಜ್ಯದ ಗುಟ್ಟು. ಈಗ ಅವುಗಳಲ್ಲಿ ಅನೇಕವು ಪ್ಯಾರಿಸ್ಸಿನ ಆಂವಲೀದ್ ಸೌಧದಲ್ಲಿ ಸಾರ್ವಜನಿಕರ ನೋಟಕ್ಕಿವೆ. ಯುದ್ಧಕ್ಕೂ ಬೊಂಬೆಗೂ ಇರುವ ನಂಟು ಹೀಗೆ ಹಳೆಯದು. ಆ ನಂಟಿನ ಈ ಕಾಲದ ರೂಪವೊಂದನ್ನು ನಾನು ಕಣ್ಣಾರೆ ಕಂಡೆ, ಮೆಚ್ಚಿದೆ, ಮೆಚ್ಚಿದ ಮೇಲೆ ಚಿಂತೆಗೂ ಒಳಗಾದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಾತ್ರೆಯ ಒಂದು ಮೂಲೆ

ಇಂಗ್ಲೆಂಡಿನ ಟೆಲ್ಫರ್ಡ್ ಎಂಬ ಊರಿನಲ್ಲಿ ಹಲವು ವರ್ಷಗಳಿಂದ ನವೆಂಬರ್ ತಿಂಗಳಲ್ಲಿ ಮಾದರಿಕಾರರ ದೊಡ್ಡದೊಂದು ಜಾತ್ರೆ ಸೇರುತ್ತದೆ. ಊರಿನ ಮಗ್ಗುಲಲ್ಲೇ ಕೋಲ್‌ಬ್ರೂಕ್‌ಡೇಲ್ ಕಣಿವೆ. ೧೭೦೯ರಲ್ಲಿ ಏಬ್ರಹಾಂ ಡಾರ್ಬಿ ಇದ್ದಿಲಿಗೆ ಬದಲಾಗಿ ಕೋಕನ್ನು ಉರಿಸಿ ಕಬ್ಬಿಣ ತೆಗೆದದ್ದು ಆ ಕಣಿವೆಯಲ್ಲಿ. ೧೭೬೭ರಲ್ಲಿ ಬಂಡಿಗಳ ಓಡಾಟಕ್ಕಾಗಿ ಎರಕದ ಕಬ್ಬಿಣದ ಹಳಿಗಳನ್ನು ಹೊಯ್ದದ್ದೂ ಅಲ್ಲಿಯೇ. ಕಬ್ಬಿಣದ ಹಳಿ ಹುಟ್ಟಿದ ನೆಲದ ಮಗ್ಗುಲಲ್ಲಿ ಹಳಿಯ ಮೇಲಿನ ಒಂದು ಭಯಂಕರ ಯಂತ್ರದ ಬೊಂಬೆಯನ್ನು ನೋಡುವ ಯೋಗ ನನ್ನದಾಯಿತು.

ವಿಶಾಲವಾದ ಸಭಾಂಗಣ. ಸಾಲುಸಾಲು ಮೇಜುಗಳ ಮೇಲೆ ವಿಮಾನ, ಹಡಗು, ಟ್ಯಾಂಕು. ಒಂದು ಮೂಲೆಯಲ್ಲಿ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜೊಂದರ ಸುತ್ತ ಜನ ಮುತ್ತಿಕೊಂಡಿದ್ದರು. ನಾನೂ ಸಂದಿ ಮಾಡಿಕೊಂಡು ಮುಂದೆ ಹೋಗಿ ನಿಂತೆ.

ಮೇಜಿನ ಎಡತುದಿಯಲ್ಲಿ ಒಂದು ಗುಡ್ಡದ ಇಳಿಜಾರು. ಅದರ ಬುಡದಲ್ಲಿ ಇಟ್ಟಿಗೆಯ ಕಮಾನು ಕಟ್ಟಿದ ರೈಲು ಸುರಂಗ. ಕಮಾನಿನ ನೆತ್ತಿಯಲ್ಲಿ ಎಂಜಿನ್ನುಗಳ ಹೊಗೆ ಹಿಡಿದ ಮಸಿ. ಸುರಂಗದಿಂದ ಹೊರಬಂದ ಹಳಿ ಮೆಲ್ಲನೆ ಬಾಗಿ ಆಲಿವ್ ಮರಗಳ ನಡುವೆ ಸಾಗುತ್ತದೆ. ಆ ಬಾಗಿನಲ್ಲಿ ನಿಂತಿದೆ, ಗಜಗಾತ್ರದ ಒಂದು ರೈಲು ಫಿರಂಗಿ. ಹನ್ನೆರಡು ಅಚ್ಚು, ಇಪ್ಪತ್ತನಾಲ್ಕು ಚಕ್ರ. ಅವುಗಳ ಮೇಲೆ ಸೇತುವೆಯಂಥ ಉಕ್ಕಿನ ಒಡಲು. ಅದರಿಂದ ಆಕಾಶಕ್ಕೆ ಎದ್ದ ನೀಳವಾದ ನಳಿಗೆ. ಹಿಂದೆ ಒಂದು ಪುಟ್ಟ ಡೀಸೆಲ್ ಎಂಜಿನ್ನು, ಮದ್ದುಗುಂಡಿನ ಬಂಡಿ, ಬಾಗಿಲು ಮುಚ್ಚಿದ ಒಂದು ಸರಕಿನ ಡಬ್ಬಿ. ಇಪ್ಪತ್ತೋ ಇಪ್ಪತ್ತೈದೋ ಮಂದಿ ಸೈನಿಕರು. ಒಬ್ಬೊಬ್ಬರೂ ಎರಡು ಅಂಗುಲ ಎತ್ತರ. ಒಬ್ಬ ತಗಡಿನ ಬೋಗುಣಿಯಲ್ಲಿ ನೀರಿಟ್ಟುಕೊಂಡು ಮುಖಕ್ಷೌರ ಮಾಡಿಕೊಳ್ಳುತ್ತಿದ್ದಾನೆ. ಇನ್ನೊಬ್ಬ ಮದ್ದಿನ ಪೆಟ್ಟಿಗೆಯ ಮೇಲೆ ಕುಳಿತು ಕಾಗದ ಬರೆಯುತ್ತಿದ್ದಾನೆ. ದೂರದ ತೋಟದ ಮನೆಯ ಗೋಡೆಯ ಗಾರೆ ಅಲ್ಲಲ್ಲಿ ಉದುರಿದೆ. ಅಂಗಳದ ಹಗ್ಗದಲ್ಲಿ ಒಗೆದ ಬಟ್ಟೆ ಒಣಗುತ್ತಿದೆ.

ಇದನ್ನು ರಚಿಸಿದವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದ ವೃದ್ಧರೊಬ್ಬರು. ಒಂಬತ್ತು ವರ್ಷಗಳ ಸಂಜೆಗಳನ್ನು ಅವರು ಇದಕ್ಕೆ ಧಾರೆಯೆರೆದಿದ್ದರು. ಕೇಳಿದವರಿಗೆಲ್ಲ ಬೇಸರವಿಲ್ಲದೆ ಉತ್ತರ ಹೇಳುತ್ತಿದ್ದರು. ಹೇಳುವಾಗ ಮಾತಿಗಿಂತ ಬೆರಳೇ ಹೆಚ್ಚು ಆಡುತ್ತಿತ್ತು.

ಕೈಯ ಕಸುಬು

ಆ ಮೇಜಿನ ಮೇಲೆ ಯಾವುದು ಯಾವುದರಿಂದಾಯಿತು ಎಂದು ತಿಳಿಯುತ್ತ ಹೋದಂತೆ ನನ್ನ ಬೆರಗು ಹೆಚ್ಚಿತು. ಮರಗಳ ಕೆಳಗೆ ಉದುರಿದ್ದ ತರಗೆಲೆಗಳು ಬರ್ಚ್ ಮರದ ಕಾಯಿಗೊಂಚಲನ್ನು ಹಿಸುಕಿ, ಜರಡಿ ಹಿಡಿದು ತೆಗೆದ ಹೊಟ್ಟು. ಭೂತಗನ್ನಡಿಯಲ್ಲಿ ನೋಡಿದರೂ ಅದು ಎಲೆಯೇ. ಹುಲ್ಲು, ನೈಲಾನಿನ ಸಣ್ಣ ಎಳೆಗಳು; ವಿದ್ಯುತ್ತಿನ ಸೆಳೆತದಿಂದ ಅವು ಅಂಟಿನ ಮೇಲೆ ನೆಟ್ಟಗೆ ಎದ್ದು ನಿಲ್ಲುತ್ತವೆ. ಫಿರಂಗಿಯ ಮೇಲೆ ಹೊದಿಸಿದ ಮರೆಬಲೆ, ಗಾಯಕ್ಕೆ ಕಟ್ಟುವ ತೆಳುಬಟ್ಟೆ. ಅದನ್ನು ಚಹದ ಕಷಾಯದಲ್ಲಿ ಅದ್ದಿ ಬಣ್ಣ ಬರಿಸಿದ್ದರು. ಟೆಲಿಗ್ರಾಫ್ ತಂತಿಗಾಗಿ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಮೇಣದ ಬತ್ತಿಯ ಉರಿಗೆ ಹಿಡಿದು, ಮೆತ್ತಗಾದೊಡನೆ ಎರಡೂ ಕಡೆ ಎಳೆದರೆ ಕೂದಲಿಗಿಂತ ಸಣ್ಣ ಎಳೆ ಸಿದ್ಧವಾಗುತ್ತದೆ. ಹಳಿಯ ಕೆಳಗಿನ ಮರದ ಸ್ಲೀಪರುಗಳನ್ನು ಒಂದೊಂದಾಗಿ ಕತ್ತರಿಸಿ, ತಂತಿಯ ಬುರುಸಿನಿಂದ ಗೀರಿ, ಮಳೆ ಬಿಸಿಲುಗಳಿಗೆ ಹಳತಾದ ಮರದ ನಾರು ಕಾಣುವಂತೆ ಮಾಡಿದ್ದರು. ಜಲ್ಲಿ ಮಾತ್ರ ನಿಜವಾದ ಕಲ್ಲು. ಮೂರು ಜರಡಿಗಳಲ್ಲಿ ಜಾಲಿಸಿದ್ದು.

ತುಕ್ಕಿನ ಮಾತು ಬಂದಾಗ ಅವರ ಮುಖ ಅರಳಿತು. ತುಕ್ಕು ಎಂದರೆ ಕೆಂಪು ಬಣ್ಣವಲ್ಲ, ಅದು ಕಾಲ ಎಂಬುದು ಅವರ ಮಾತಿನ ತಾತ್ಪರ್ಯ. ಮೊದಲು ತುಕ್ಕಿನ ಬಣ್ಣ ಬಳಿಯಬೇಕು. ಅದರ ಮೇಲೆ ತಲೆಗೂದಲಿಗೆ ಹಾಕುವ ದ್ರವವನ್ನು ಸಿಂಪಡಿಸಬೇಕು. ಅದರ ಮೇಲೆ ಸೈನ್ಯದ ಬಣ್ಣ. ಒಣಗಿದ ಮೇಲೆ ಒದ್ದೆ ಕುಂಚದಿಂದ ಉಜ್ಜಿದರೆ ನಡುವಿನ ಪದರ ಕರಗಿ, ಮೇಲಿನ ಬಣ್ಣ ಅಲ್ಲಲ್ಲಿ ಕಿತ್ತುಬರುತ್ತದೆ. ಒಳಗಿನ ತುಕ್ಕು ಇಣುಕುತ್ತದೆ. ಎಲ್ಲಿ ಉಜ್ಜಬೇಕೆಂಬುದು ಕುಂಚಕ್ಕೆ ತಿಳಿಯದು. ಸೈನಿಕನ ಬೂಟು ದಿನವೂ ಎಲ್ಲಿ ತಾಗುತ್ತದೆ, ಮಳೆನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಯಾವ ಹಿಡಿಕೆಯನ್ನು ಬಲಗೈ ಹಿಡಿಯುತ್ತದೆ ಎಂಬುದನ್ನು ಬಲ್ಲವನು ಮಾತ್ರ ಉಜ್ಜಬಲ್ಲ. ಅಲ್ಲಿಗೆ ಇದು ಬರಿಯ ಕೈಚಳಕವಲ್ಲ, ಒಂದು ಬಗೆಯ ಅನುಭೂತಿ. ಆ ಫಿರಂಗಿಯ ಮೇಲೆ ಹತ್ತಿ ಇಳಿದ ಮನುಷ್ಯರ ಮೈಯನ್ನು ಆ ವೃದ್ಧರು ತಮ್ಮ ಮೈಯಲ್ಲಿ ತಂದುಕೊಂಡಿದ್ದರು.

ನಳಿಗೆಯ ಬಾಯನ್ನು ನೋಡುವಂತೆ ಅವರು ನನಗೆ ಒಂದು ಪುಟ್ಟ ದೀಪವನ್ನು ಕೊಟ್ಟರು. ನಿಜವಾದ ಫಿರಂಗಿಯ ಬಾಯಗಲ ೨೮೩ ಮಿಲಿಮೀಟರು; ಇಲ್ಲಿ ಎಂಟೇ ಮಿಲಿಮೀಟರು. ಆ ಎಂಟು ಮಿಲಿಮೀಟರಿನ ಕತ್ತಲೆಯಲ್ಲಿ ಹನ್ನೆರಡು ಸುರುಳಿಗೀರುಗಳು ಮಿನುಗಿದುವು. ನಿಜವಾದ ನಳಿಗೆಯೊಳಗೂ ಹನ್ನೆರಡು. ಅವುಗಳಲ್ಲಿ ಜಾರಿಕೊಂಡು ಹೋಗಲೆಂದು ಗುಂಡಿನ ಮೈಮೇಲೂ ಹನ್ನೆರಡು ಏಣು. ದೀಪವಿಲ್ಲದೆ ಯಾರ ಕಣ್ಣಿಗೂ ಬೀಳದ ಈ ಗೀರುಗಳಿಗಾಗಿ ಅವರು ಒಂದು ತಿಂಗಳು ಶ್ರಮಿಸಿದ್ದರು. ನಮ್ಮ ಶಿಲ್ಪಿಗಳು ದೇವಾಲಯದ ಕತ್ತಲ ಭುವನೇಶ್ವರಿಯಲ್ಲಿ ಬಿಡಿಸಿದ ಹೂವಿನ ಎಸಳುಗಳು ನೆನಪಾದುವು.

ಅಳತೆಯ ಲೆಕ್ಕ

ಈ ಮಾದರಿಯ ಪ್ರಮಾಣ ೩೫ಕ್ಕೆ ಒಂದು. ಈ ೩೫ ಎಲ್ಲಿಂದ ಬಂದಿತೆಂಬುದು ಒಂದು ಸ್ವಾರಸ್ಯದ ಕಥೆ. ಆಟದ ರೈಲುಗಳ ಲೋಕದಲ್ಲಿ ಮೊದಲಿನಿಂದಲೂ ಬೇರೆ ಅಳತೆಗಳಿವೆ. ಅವುಗಳಲ್ಲಿ ಬಹು ಬಳಕೆಯದು ೮೭ಕ್ಕೆ ಒಂದು. ೧೯೬೦ರ ದಶಕದ ಮೊದಲಲ್ಲಿ ಜಪಾನಿನ ತಮಿಯಾ ಕಂಪನಿಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯನ್ನು ತಯಾರಿಸಿದರು. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕಾಗಿದ್ದುವು. ಅವು ಹಿಡಿಸುವಂತೆ ಮಾಡಿದಾಗ ಟ್ಯಾಂಕಿನ ಗಾತ್ರ ೩೫ರಲ್ಲಿ ಒಂದು ಪಾಲಾಯಿತು. ಮುಂದೆ ಅದೇ ರೂಢಿಯಾಗಿ, ಜಗತ್ತಿನ ಬೊಂಬೆಸೈನ್ಯಗಳಲ್ಲಿ ಬಹುಪಾಲು ಆ ಅಳತೆಗೆ ಬಂದುವು. ಒಂದು ಬ್ಯಾಟರಿಯ ದಪ್ಪ ಇಷ್ಟು ಸೈನ್ಯಗಳ ಎತ್ತರವನ್ನು ಗೊತ್ತುಮಾಡಿತು! ರೈಲಿನವರ ಅಳತೆಗೂ ಸೈನ್ಯದವರ ಅಳತೆಗೂ ಹೊಂದಿಕೆಯಿಲ್ಲದ್ದರಿಂದ, ಯುದ್ಧದ ರೈಲನ್ನು ಮಾಡಹೊರಟವನು ರೈಲಿನಂಗಡಿಯ ಹಳಿಯನ್ನು ಕೊಂಡು ತರುವಂತಿಲ್ಲ. ೧,೪೩೫ ಮಿಲಿಮೀಟರ್ ಅಗಲದ ನಿಜವಾದ ಹಳಿದಾರಿ ಇಲ್ಲಿ ೪೧ ಮಿಲಿಮೀಟರ್ ಆಗಬೇಕು.

ನಿಜವಾದ ಫಿರಂಗಿಯ ಉದ್ದ ಸುಮಾರು ೩೦ ಮೀಟರು. ಮೇಜಿನ ಮೇಲೆ ಅದು ಮೂರಡಿಗೆ ಸ್ವಲ್ಪ ಕಡಮೆ. ತೂಕ ೨೧೮ ಟನ್ನು. ಇದೇ ಪ್ರಮಾಣದಲ್ಲಿ ಇದೇ ಉಕ್ಕಿನಿಂದ ಮಾಡಿದ್ದರೆ ಐದು ಕಿಲೋಗ್ರಾಂ ತೂಗುತ್ತಿತ್ತು, ಒಂದು ಕೈಚೀಲ ಅಕ್ಕಿಯಷ್ಟು. ಅದು ಹಾರಿಸುತ್ತಿದ್ದ ಗುಂಡು ೨೫೫ ಕಿಲೋಗ್ರಾಂ; ಇಲ್ಲಿ ಆರು ಗ್ರಾಂ. ಉದ್ದ ೩೫ ಪಾಲು ಇಳಿದರೆ ತೂಕ ೪೨,೮೭೫ ಪಾಲು ಇಳಿಯುತ್ತದೆ. ಭೀಕರವಾದದ್ದು ಮುದ್ದಾಗಿ ಕಾಣುವುದರ ರಹಸ್ಯ ಈ ಗಣಿತದಲ್ಲಿಯೇ ಇದೆ.

ಆದರೆ ಎಲ್ಲವೂ ಅಳತೆಗೆ ಬಗ್ಗುವುದಿಲ್ಲ. ನೀರಿನ ಹನಿ, ಬೆಂಕಿಯ ನಾಲಗೆ, ಹೊಗೆಯ ಸುರುಳಿ ಇವು ಚಿಕ್ಕದಾಗಲು ಒಪ್ಪವು. ಹತ್ತಿಯ ಹೊಗೆಯನ್ನಿಟ್ಟರೆ ಆ ಗಳಿಗೆಯೇ ದೃಶ್ಯವೆಲ್ಲ ಆಟಿಕೆಯಾಗಿಬಿಡುತ್ತದೆ. ಆದ್ದರಿಂದ ನುರಿತ ಮಾದರಿಕಾರ ಫಿರಂಗಿ ಹಾರುವ ಕ್ಷಣವನ್ನು ಆರಿಸಿಕೊಳ್ಳುವುದಿಲ್ಲ. ಹಾರುವುದಕ್ಕೆ ಮುಂಚಿನ, ಅಥವಾ ಹಾರಿ ಹೊಗೆ ತಿಳಿಯಾದ ಮೇಲಿನ ನಿಶ್ಶಬ್ದವನ್ನು ಆರಿಸಿಕೊಳ್ಳುತ್ತಾನೆ. ಹೀಗೆ ಕಲೆಯ ಕಟ್ಟಳೆಯಿಂದಲೇ ಈ ಯುದ್ಧಗಳು ಸದ್ದಿಲ್ಲದ ಯುದ್ಧಗಳಾಗುತ್ತವೆ. ನಾವು ಎರಡಡಿ ದೂರದಿಂದ ನೋಡಿದರೆ ಅಳತೆಯಲ್ಲಿ ಎಪ್ಪತ್ತಡಿ ದೂರ ನಿಂತ ಹಾಗೆ. ಎಪ್ಪತ್ತಡಿ ದೂರದಲ್ಲಿ ನಿಂತು, ಕಾಗದ ಬರೆಯುವ ಸೈನಿಕನನ್ನು ನೋಡುತ್ತಿದ್ದೇವೆ. ಅವನು ನಮ್ಮನ್ನು ನೋಡುವುದಿಲ್ಲ.

ಫಿರಂಗಿಯ ಚರಿತ್ರೆ

ಈ ಯಂತ್ರಕ್ಕೆ ಜರ್ಮನರು ಇಟ್ಟ ಹೆಸರು ಕೆ ೫. ಎಸ್ಸೆನ್ ನಗರದ ಕ್ರುಪ್ ಕಾರ್ಖಾನೆ ೧೯೩೦ರ ದಶಕದಲ್ಲಿ ಇದನ್ನು ರೂಪಿಸಿತು. ಎಲ್ಲ ಸೇರಿ ಸುಮಾರು ಇಪ್ಪತ್ತೈದು ತಯಾರಾದುವು. ಗುಂಡು ಹೋಗಿ ಬೀಳಬಲ್ಲ ದೂರ ೬೦ ಕಿಲೋಮೀಟರಿಗೂ ಹೆಚ್ಚು. ಇದರ ನಳಿಗೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಬಹುದಾಗಿತ್ತು. ಎಡಕ್ಕೂ ಬಲಕ್ಕೂ ಮಾತ್ರ ಅದು ಮಿಸುಕುತ್ತಿದ್ದುದು ಬಹು ಅಲ್ಪ. ಹಾಗಾಗಿ ತಿರುಗುವ ವೇದಿಕೆ ಇಲ್ಲದ ಕಡೆ ಬಾಗಿದ ಹಳಿಯೊಂದನ್ನು ಹಾಕಿ, ಅದರ ಮೇಲೆ ಇಡೀ ಬಂಡಿಯನ್ನೇ ಹಿಂದೆ ಮುಂದೆ ಜರುಗಿಸಿ ಗುರಿ ಹಿಡಿಯಬೇಕಾಗಿತ್ತು. ಮೇಜಿನ ಮೇಲೆ ಆಲಿವ್ ಮರಗಳ ನಡುವೆ ಕಂಡ ಆ ಚೆಲುವಾದ ಬಾಗು ಚೆಲುವಿಗಾಗಿ ಹಾಕಿದ್ದಲ್ಲ. ಅದೇ ಫಿರಂಗಿಯ ಕಣ್ಣು.

ಮಾದರಿಯ ದೃಶ್ಯ ೧೯೪೪ರ ಇಟಲಿಯದು. ಆ ವರ್ಷ ಜನವರಿ ೨೨ರಂದು ಅಮೆರಿಕನ್ ಮತ್ತು ಬ್ರಿಟಿಷ್ ಸೈನ್ಯಗಳು ರೋಮಿನ ದಕ್ಷಿಣದ ಆಂಜಿಯೋ ಬಂದರಿನಲ್ಲಿಯೂ ಅದರ ನೆರೆಯ ನೆತ್ತೂನೋ ಕರಾವಳಿಯಲ್ಲಿಯೂ ಇಳಿದುವು. ಬೇಗನೆ ಮುನ್ನುಗ್ಗಿ ರೋಮನ್ನು ಸೇರುವ ಆಸೆ ಕೈಗೂಡಲಿಲ್ಲ. ನಾಲ್ಕು ತಿಂಗಳು ಕಡಲ ದಂಡೆಯ ಒಂದು ಕಿರಿದಾದ ತುಂಡು ನೆಲದಲ್ಲಿ ಸಿಕ್ಕಿಬಿದ್ದುವು. ಸುತ್ತಲಿನ ಬೆಟ್ಟಗಳಲ್ಲಿ ಜರ್ಮನರು. ಅದೇ ಕಾಲದಲ್ಲಿ ಪೂರ್ವಕ್ಕೆ ಕಸ್ಸೀನೋ ಬೆಟ್ಟದ ಕೆಳಗೆ ಭಾರತದ ನಾಲ್ಕನೆಯ ಡಿವಿಜನ್ ರಕ್ತ ಸುರಿಸುತ್ತಿತ್ತು. ನಮ್ಮ ಬೆಳಗಾವಿಯಲ್ಲಿ ತರಬೇತಿ ಪಡೆದು ಹೋದ ಮರಾಠಾ ಪದಾತಿಗಳೂ ಇಟಲಿಯ ರಣರಂಗದಲ್ಲಿದ್ದರು. ಅವರಲ್ಲಿ ಯಶವಂತ ಘಾಡ್ಗೆ ೧೯೪೪ರ ಜುಲೈ ತಿಂಗಳಲ್ಲಿ ಅಲ್ಲಿಯೇ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದವನು. ಇಟಲಿಯ ಆ ನೆಲ ನಮಗೆ ಅಷ್ಟೇನೂ ದೂರವಲ್ಲ.

ಆಂಜಿಯೋ ತೀರದ ಮೇಲೆ ಗುಂಡು ಸುರಿಸಲು ಜರ್ಮನರು ಎರಡು ಕೆ ೫ ಫಿರಂಗಿಗಳನ್ನು ತಂದರು. ತಮ್ಮೊಳಗೆ ಅವುಗಳನ್ನು ರಾಬರ್ಟ್, ಲಿಯೋಪೋಲ್ಡ್ ಎಂದು ಕರೆದರು. ಗುಂಡಿಗೆ ಗುರಿಯಾದವರು ‘ಆಂಜಿಯೋ ಆನಿ’ ಎಂದೂ ‘ಆಂಜಿಯೋ ಎಕ್ಸ್‌ಪ್ರೆಸ್’ ಎಂದೂ ಹೆಸರಿಟ್ಟರು. ತಲೆಯ ಮೇಲೆ ರೈಲು ಹೋದ ಹಾಗೆ ಸದ್ದು ಮಾಡುತ್ತ ಬರುವ ಸಾವಿಗೆ ಒಪ್ಪುವ ಹೆಸರು. ಫಿರಂಗಿಗಳು ಆಲ್ಬನ್ ಬೆಟ್ಟಗಳ ಕಡೆಯ ರೈಲು ಸುರಂಗದಲ್ಲಿ ಅಡಗಿರುತ್ತಿದ್ದುವು; ಹೊರಗೆ ಬಂದು ಹಾರಿಸಿ, ವಿಮಾನಗಳು ಹುಡುಕಿ ಬರುವಷ್ಟರಲ್ಲಿ ಮತ್ತೆ ಒಳಗೆ ಸೇರುತ್ತಿದ್ದುವು. ತೀರದಲ್ಲಿದ್ದವರಿಗೆ ಹಿಂದು ಮುಂದೆಂಬುದಿರಲಿಲ್ಲ. ಬಂದರಿಗೂ ದಾಸ್ತಾನಿಗೂ ಗುಂಡು ಬೀಳುತ್ತಿತ್ತು. ಆಸ್ಪತ್ರೆಯ ಡೇರೆಗಳಿಗೂ ಫಿರಂಗಿ ಬಾಂಬುಗಳ ಹೊಡೆತ ತಪ್ಪಲಿಲ್ಲ. ಆರು ಮಂದಿ ಅಮೆರಿಕನ್ ದಾದಿಯರು ಆ ತೀರದಲ್ಲಿ ಸತ್ತರು. ಊರಿನ ಜನರನ್ನು ಹಡಗುಗಳಲ್ಲಿ ನೇಪಲ್ಸಿಗೆ ಸಾಗಿಸಬೇಕಾಯಿತು. ಮೇ ೨೩ರಂದು ಮುತ್ತಿಗೆಯನ್ನು ಭೇದಿಸುವ ಕಾಳಗ ಮೊದಲಾಯಿತು. ಜೂನ್ ೪ರಂದು ರೋಮ್ ಕೈಸೇರಿತು. ಕೆಲವೇ ದಿನಗಳಲ್ಲಿ ಎರಡೂ ಫಿರಂಗಿಗಳು ಚಿವಿತವೆಕ್ಕಿಯಾದ ಹಳಿಗಳ ಮೇಲೆ ಅನಾಥವಾಗಿ ಸಿಕ್ಕಿದುವು. ಒಂದು ಇಂದಿಗೂ ಅಮೆರಿಕದ ವರ್ಜೀನಿಯಾ ರಾಜ್ಯದ ಸೈನ್ಯಕೇಂದ್ರವೊಂದರಲ್ಲಿದೆ.

ಹುಡುಗನ ಪ್ರಶ್ನೆ

ನಾವು ದೊಡ್ಡವರು ರಿವೆಟ್ಟುಗಳನ್ನು ಎಣಿಸುತ್ತಿದ್ದಾಗ, ತಂದೆಯ ಕೈಹಿಡಿದು ನಿಂತಿದ್ದ ಎಂಟು ಹತ್ತು ವರ್ಷದ ಹುಡುಗನೊಬ್ಬ ಆ ವೃದ್ಧರನ್ನು ಕೇಳಿದ: “ಇದರ ಗುಂಡು ಎಲ್ಲಿ ಬೀಳುತ್ತದೆ?”

ವೃದ್ಧರು ಮೇಜನ್ನು ತೋರಿಸಲಿಲ್ಲ. ಸಭಾಂಗಣದ ಬಾಗಿಲನ್ನು ತೋರಿಸಿದರು. ಬೆಟ್ಟದ ಸುರಂಗದಿಂದ ಆಂಜಿಯೋ ಸುಮಾರು ೩೦ ಕಿಲೋಮೀಟರು. ಅದನ್ನು ೩೫ರಿಂದ ಭಾಗಿಸಿದರೆ ಎಂಟುನೂರ ಐವತ್ತು ಮೀಟರಿಗೂ ಮಿಕ್ಕಿತು. ಬಾಗಿಲು ದಾಟಿ, ಕಾರು ನಿಲ್ಲಿಸುವ ಬಯಲು ದಾಟಿ, ರಸ್ತೆ ದಾಟಿ ಅರ್ಧ ಮೈಲಿ ನಡೆದರೆ ಅಲ್ಲಿ ಯಾರ ಮನೆಯಿದೆಯೋ ಅವರ ಮನೆಯ ಮೇಲೆ ಬೀಳುತ್ತದೆ ಎಂದು ಸಮಾಧಾನವಾಗಿ ಹೇಳಿದರು. ಹುಡುಗ ಆಮೇಲೆ ಮೇಜಿನ ಕಡೆ ನೋಡಲಿಲ್ಲ. ಬಾಗಿಲ ಕಡೆಯೇ ನೋಡುತ್ತ ನಿಂತ.

ಈ ಉತ್ತರದಲ್ಲಿ ನನಗೆ ಆ ಮಾದರಿಯ ತಿರುಳು ಸಿಕ್ಕಿತು. ಇಷ್ಟು ಸತ್ಯನಿಷ್ಠವಾದ ರಚನೆಯಲ್ಲಿ ಸತ್ತವರೊಬ್ಬರೂ ಇಲ್ಲವಲ್ಲ, ಕ್ಷೌರವಿದೆ, ಕಾಗದವಿದೆ, ಒಣಗುವ ಬಟ್ಟೆಯಿದೆ, ರಕ್ತವೇ ಇಲ್ಲವಲ್ಲ, ಇದು ಯುದ್ಧಕ್ಕೆ ಬಳಿದ ಸುಣ್ಣಬಣ್ಣವಲ್ಲವೆ ಎಂಬ ಅಳುಕು ಅದುವರೆಗೂ ನನ್ನಲ್ಲಿತ್ತು. ಈಗ ನೋಡಿದರೆ ಮಾದರಿ ಸುಳ್ಳು ಹೇಳುತ್ತಿರಲಿಲ್ಲ. ನಿಜವಾದ ಫಿರಂಗಿಯ ಸುತ್ತ ನಿಂತಿದ್ದವರಿಗೂ ಕಾಣುತ್ತಿದ್ದುದು ಇಷ್ಟೇ: ಆಲಿವ್ ಮರ, ಸುರಂಗ, ಬಾಗಿದ ಹಳಿ, ಗೆಳೆಯನ ಕ್ಷೌರ. ಗುಂಡು ಬಿದ್ದ ಊರು ಅವರ ಕಣ್ಣಿಗೆ ಎಂದೂ ಬೀಳಲಿಲ್ಲ. ಕ್ರುಪ್ ಕಾರ್ಖಾನೆಯವರು ಅಷ್ಟೊಂದು ಉಕ್ಕನ್ನು ವೆಚ್ಚಮಾಡಿ ತಯಾರಿಸಿದ ಮುಖ್ಯವಾದ ಸಾಮಗ್ರಿ ಗುಂಡಲ್ಲ, ದೂರ; ಕೊಲ್ಲುವ ಕೈಗೂ ಸಾಯುವ ಮೈಗೂ ನಡುವಣ ಮೂವತ್ತು ಅರುವತ್ತು ಕಿಲೋಮೀಟರುಗಳ ದೂರ. ಆ ದೂರದಿಂದಾಗಿಯೇ ಒಬ್ಬ ಸಾಮಾನ್ಯ ಮನುಷ್ಯ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಫಿರಂಗಿಯ ಹಗ್ಗ ಜಗ್ಗಿ, ಮಧ್ಯಾಹ್ನ ಮನೆಗೆ ಕಾಗದ ಬರೆಯುವುದು ಸಾಧ್ಯವಾಯಿತು. ಮಾದರಿಕಾರರು ಆ ದೂರವನ್ನೂ ಅಳತೆಗೆ ತಪ್ಪದೆ ಬಿಡಿಸಿದ್ದರು. ಅದು ಮೇಜಿನ ಮೇಲೆ ಹಿಡಿಸದೆ ಹೊರಗೆ ಚಾಚಿಕೊಂಡಿತ್ತು, ಅಷ್ಟೆ.

ಬಾಗಿಲು ಮುಚ್ಚಿದ ಆ ಸರಕಿನ ಡಬ್ಬಿಯನ್ನು ಆಮೇಲೆ ನಾನು ಇನ್ನೊಮ್ಮೆ ನೋಡಿದೆ. ಒಳಗೆ ಏನಿದೆಯೆಂದು ಕೇಳಿದ್ದಕ್ಕೆ, ಅದನ್ನು ಖಾಲಿ ಬಿಟ್ಟಿರುವುದಾಗಿ ಹೇಳಿ ಅವರು ಮೌನವಾದರು. ೧೯೪೩ರ ಅಕ್ಟೋಬರ್ ೧೬ರಂದು ಜರ್ಮನರು ರೋಮ್ ನಗರದ ಯೆಹೂದ್ಯರನ್ನು ಮನೆಮನೆಯಿಂದ ಹಿಡಿದರು. ೧೮ರಂದು ತಿಬುರ್ತೀನಾ ನಿಲ್ದಾಣದಿಂದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಸರಕಿನ ಡಬ್ಬಿಗಳಲ್ಲಿ ತುಂಬಿ ಆಷ್‌ವಿಟ್ಸಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಮರಳಿ ಬಂದವರು ಹದಿನಾರು ಮಂದಿ. ಅಲ್ಲಿಯೂ ಹಳಿಯ ಕೆಲಸ ಅದೇ: ಕಣ್ಣಿಗೆ ಕಾಣಬಾರದ್ದನ್ನು ಕಣ್ಣಿನಿಂದ ದೂರ ಒಯ್ಯುವುದು.

ಮೇಜಿನ ಮೇಲೆ ಏನಿರಬೇಕು?

ಮೇಜಿನ ಮೇಲೆ ಯಾರಿರಬೇಕು, ಯಾರಿರಬಾರದು ಎಂಬ ಜಗಳ ಹೊಸದೇನಲ್ಲ. ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿ ೧೮೩೦ರಲ್ಲಿ ವಾಟರ್ಲೂ ಕದನದ ಮಾದರಿಯನ್ನು ಕೈಗೊಂಡ. ರಣಭೂಮಿಯಲ್ಲಿ ತಿಂಗಳುಗಟ್ಟಲೆ ತಂಗಿ ಹೊಲಗದ್ದೆಗಳನ್ನು ಅಳೆದ. ೧೮೧೫ರ ಜೂನ್ ೧೮ರ ಸಂಜೆ ಏಳು ಗಂಟೆಗೆ ನಿಮ್ಮ ದಳ ಎಲ್ಲಿತ್ತು, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಪೈರಿತ್ತು ಎಂದು ಬದುಕಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದು ಕೇಳಿದ. ೧೮೩೮ರಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕ ಲೋಹದ ಬೊಂಬೆಗಳ ಆ ಮಾದರಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂದಿತು. ಜನ ಮೆಚ್ಚಿದರು, ವೆಲಿಂಗ್ಟನ್ ಪ್ರಭು ಮೆಚ್ಚಲಿಲ್ಲ. ಗೆಲುವಿನ ಆ ಗಳಿಗೆಯಲ್ಲಿ ಪ್ರಷ್ಯದ ಸೈನಿಕರು ಅಷ್ಟೊಂದು ಮಂದಿ ಮೇಜಿನ ಮೇಲೆ ಇದ್ದರೆ ಗೆದ್ದವರು ಯಾರೆಂದು ನೋಡುವವರು ತಿಳಿಯಬೇಕು? ಕೊನೆಗೆ ಸೈಬೋರ್ನ್ ಪ್ರಷ್ಯದ ಸಾವಿರಾರು ಬೊಂಬೆಗಳನ್ನು ಕಿತ್ತು ತೆಗೆದ. ಸಾಲ ಅವನನ್ನು ಸಾಯುವವರೆಗೂ ಬಿಡಲಿಲ್ಲ. ಆ ಮಾದರಿ ಈಗ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಎರಡು ಅಂಗುಲಕ್ಕಿಂತ ಬಹು ಚಿಕ್ಕ ಬೊಂಬೆಗೂ ಒಬ್ಬ ಮಹಾದಂಡನಾಯಕ ಅಂಜಬಹುದು!

ಎಚ್. ಜಿ. ವೆಲ್ಸ್ ಮಹಾಶಯ ೧೯೧೩ರಲ್ಲಿ ತವರದ ಸೈನಿಕರ ಆಟವನ್ನು ಕುರಿತು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ನೆಲದ ಮೇಲೆ ಮೂರು ನಾಲ್ಕು ಸಲ ಈ ಆಟವಾಡಿದವನಿಗೆ ನಿಜವಾದ ಮಹಾಯುದ್ಧ ಎಂಥ ಎಡಬಿಡಂಗಿ ವ್ಯವಹಾರವೆಂಬುದು ತಾನಾಗಿ ತಿಳಿಯುತ್ತದೆಂದು ಅವನು ನಂಬಿದ್ದ. ಮರುವರ್ಷವೇ ಮಹಾಯುದ್ಧ ಬಂದಿತು. ಬೊಂಬೆ ತಾನೇತಾನಾಗಿ ಯಾರಿಗೂ ಬುದ್ಧಿ ಕಲಿಸುವುದಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಅದನ್ನು ನೋಡುವವರಲ್ಲಿ ಒಬ್ಬನಾದರೂ ಆ ಹುಡುಗನ ಪ್ರಶ್ನೆಯನ್ನು ಕೇಳಬೇಕು. ಮಾಡಿದವನು ಬಾಗಿಲ ಕಡೆಗೆ ಕೈತೋರಿಸಬೇಕು.

ಯುದ್ಧದ ಮಾದರಿ ಮಾಡುವವರೆಲ್ಲ ಯುದ್ಧವನ್ನು ಮೆಚ್ಚುವವರೆಂದು ದೂರುವುದು ಸುಲಭ. ಆ ವೃದ್ಧರನ್ನು ಕಂಡ ಮೇಲೆ ನಾನು ಹಾಗೆ ದೂರಲಾರೆ. ಒಂದು ತರಗೆಲೆಗೆ, ಒಂದು ಹಿಡಿಕೆಯ ಸವೆತಕ್ಕೆ ಅಷ್ಟು ಲಕ್ಷ್ಯ ಕೊಡಬಲ್ಲ ಮನಸ್ಸು ಕೊಲೆಗೆ ಒಲಿಯುವ ಮನಸ್ಸಲ್ಲ. ಆದರೆ ಲಕ್ಷ್ಯವೊಂದೇ ಸಾಲದು. ರಿವೆಟ್ಟುಗಳನ್ನು ಎಣಿಸುವುದರಲ್ಲೇ ತೃಪ್ತನಾದವನಿಗೆ ಮೇಜಿನ ಅಂಚೇ ಲೋಕದ ಅಂಚು. ಫಿರಂಗಿಯ ಸುತ್ತಲಿದ್ದವರಿಗೂ ಒಂದು ಕಾಲಕ್ಕೆ ಹಾಗೆಯೇ ಆಗಿತ್ತು.

ನೆತ್ತೂನೋದಲ್ಲಿ ಅಮೆರಿಕನ್ನರ ಒಂದು ಸೈನಿಕ ಸ್ಮಶಾನವಿದೆ. ಸಿಸಿಲಿಯಿಂದ ರೋಮಿನವರೆಗಿನ ಹೋರಾಟದಲ್ಲಿ ಮಡಿದ ೭,೮೦೦ಕ್ಕೂ ಹೆಚ್ಚು ಮಂದಿ ಅಲ್ಲಿ ಮಲಗಿದ್ದಾರೆ. ಒಬ್ಬೊಬ್ಬರ ತಲೆಯ ಬಳಿ ಒಂದೊಂದು ಬಿಳಿಯ ಅಮೃತಶಿಲೆ. ವಿಸ್ತೀರ್ಣ ೭೭ ಎಕರೆ. ಆಂಜಿಯೋದಲ್ಲಿ ಬ್ರಿಟಿಷರ ಸ್ಮಶಾನ ಬೇರೆ ಇದೆ. ಅಲ್ಲಿ ೨,೩೦೦ಕ್ಕೂ ಹೆಚ್ಚು ಸಮಾಧಿಗಳು. ಊರಿಗೆ ಹಿಂದಿರುಗಿದ ಮೇಲೆ ಒಂದು ಸಂಜೆ ಕುಳಿತು ನಾನು ಲೆಕ್ಕ ಹಾಕಿ ನೋಡಿದೆ. ನೆತ್ತೂನೋದ ಸ್ಮಶಾನವೊಂದನ್ನೇ ೩೫ಕ್ಕೆ ಒಂದರಂತೆ ಇಳಿಸಿ ಮಾದರಿ ಮಾಡಿದರೆ ಎರಡು ಸಾವಿರದ ಏಳುನೂರು ಚದರ ಅಡಿ ಬೇಕಾಗುತ್ತದೆ. ನಮ್ಮಲ್ಲಿ ಮನೆ ಕಟ್ಟಲು ಕೊಳ್ಳುವ ಅರುವತ್ತು ನಲವತ್ತರ ನಿವೇಶನಕ್ಕಿಂತ ದೊಡ್ಡದು. ಫಿರಂಗಿಗೆ ಮೂರಡಿ ಸಾಕಾಗಿತ್ತು.